ಪಿಎಸ್‌ಎ ನೋಡಿ ಬೋನ್ ಸ್ಕ್ಯಾನ್ ಫಲಿತಾಂಶ ಊಹಿಸಬಹುದೇ?

ಪ್ರಶ್ನೆ: ನನ್ನ ತಂದೆಯವರಿಗೆ 72 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್‌ಗಾಗಿ ಎರಡು ವರ್ಷಗಳಿಂದ ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾರೆ. 0.3ಕ್ಕೆ ಇಳಿದಿದ್ದ ಪಿಎಸ್‌ಎ (ಪ್ರಾಸ್ಟೇಟ್ ತಯಾರಿಸುವ, ರಕ್ತದಲ್ಲಿ ಅಳೆಯುವ ಪ್ರೋಟೀನ್), ಮೂರು ತಿಂಗಳ ಅಂತರದ ಪರೀಕ್ಷೆಗಳಲ್ಲಿ 1.1, 2.6, ಈಗ 5.4 ಬಂದಿದೆ. ಕಳೆದ ವರ್ಷದ ಬೋನ್ ಸ್ಕ್ಯಾನ್‌ನಲ್ಲಿ ಏನೂ ಕಂಡಿರಲಿಲ್ಲ, ನೋವೂ ಇಲ್ಲ. ಪಿಎಸ್‌ಎ 20 ದಾಟುವವರೆಗೆ ಸ್ಕ್ಯಾನ್ ಬೇಡವೆಂದು ಓದಿದ್ದೇನೆ. ಇದು ಸರಿಯೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ನಿಮ್ಮ ತಂದೆಯವರಂಥ ರೋಗಿಗಳನ್ನು ಕುರಿತು ಹೇಳಿದ ಮಾತಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು, ರೋಗ ಆಗಷ್ಟೇ ಪತ್ತೆಯಾಗಿ ಇನ್ನೂ ಚಿಕಿತ್ಸೆ ಆರಂಭವಾಗದಿದ್ದ 521 ಮಂದಿಯ ವಿವರಗಳನ್ನು 1991ರಲ್ಲಿ ಪ್ರಕಟಿಸಿದರು. ಅವರಲ್ಲಿ ಪಿಎಸ್‌ಎ 20ರೊಳಗಿದ್ದ 306 ಮಂದಿಯ ಪೈಕಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಮೂಳೆಗೆ ಹರಡಿದ್ದು ಸ್ಕ್ಯಾನ್‌ನಲ್ಲಿ ಕಂಡಿತ್ತು. 20ರ ಗಡಿ ಪ್ರಚಾರಕ್ಕೆ ಬಂದದ್ದು ಇಂತಹ ಅಧ್ಯಯನಗಳಿಂದಲೇ.

ಹಾರ್ಮೋನ್ ಚಿಕಿತ್ಸೆಯಲ್ಲಿರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಪ್ರಾಸ್ಟೇಟ್ ಜೀವಕೋಶಗಳು ಪಿಎಸ್‌ಎ ತಯಾರಿಸುವುದು ಪುರುಷ ಹಾರ್ಮೋನಿನ ಪ್ರೇರಣೆಯಿಂದ. ಇಂಜೆಕ್ಷನ್ ಆ ಹಾರ್ಮೋನನ್ನೇ ತಗ್ಗಿಸುವುದರಿಂದ, ರೋಗ ಬೆಳೆಯುತ್ತಿದ್ದರೂ ಪಿಎಸ್‌ಎ ಸಣ್ಣ ಅಂಕಿಯಾಗಿಯೇ ಉಳಿಯಬಹುದು. ಆದ್ದರಿಂದ ನಾವು ಅಂಕಿಗಿಂತ ಹೆಚ್ಚಾಗಿ ಅದು ಏರುವ ವೇಗವನ್ನು ನೋಡುತ್ತೇವೆ. ಹಾರ್ಮೋನ್ ಚಿಕಿತ್ಸೆಯ ನಡುವೆಯೂ ಪಿಎಸ್‌ಎ ಏರುತ್ತಿದ್ದ, ಆದರೆ ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದ 201 ಮಂದಿಯನ್ನು ಗಮನಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಅವರಲ್ಲಿ ಮೂರನೆಯ ಒಂದು ಭಾಗದವರಿಗೆ ಎರಡು ವರ್ಷಗಳೊಳಗೆ ರೋಗ ಮೂಳೆಗೆ ಹರಡಿತು. ಆರಂಭದಲ್ಲೇ ಪಿಎಸ್‌ಎ 10ಕ್ಕಿಂತ ಹೆಚ್ಚಿದ್ದವರಿಗೆ ಮತ್ತು ಅದು ಬೇಗ ಬೇಗ ಏರುತ್ತಿದ್ದವರಿಗೆ ಅಪಾಯ ಹೆಚ್ಚಾಗಿತ್ತು.

ನಿಮ್ಮ ತಂದೆಯವರ ಪಿಎಸ್‌ಎ ಮೂರು ತಿಂಗಳೊಳಗೇ ಇಮ್ಮಡಿಯಾಗುತ್ತಿದೆ. ಇದು ವೇಗದ ಏರಿಕೆ. ಇಂತಹ ರೋಗಿಗಳಿಗೆ ಪಿಎಸ್‌ಎ 2 ಮುಟ್ಟಿದಾಗ ಮೊದಲ ಸ್ಕ್ಯಾನ್, 5 ಆದಾಗ ಮತ್ತೊಂದು, ಬಳಿಕ ಇಮ್ಮಡಿಯಾದಾಗಲೆಲ್ಲ ಒಂದೊಂದು ಎಂದು ತಜ್ಞರ ಗುಂಪೊಂದು 2014ರಲ್ಲಿ ಸಲಹೆ ನೀಡಿದೆ. ಆ ಲೆಕ್ಕದಲ್ಲಿ ಈಗ ಸ್ಕ್ಯಾನ್ ಮಾಡಿಸುವುದೇ ಸರಿ. ಜೊತೆಗೆ ರಕ್ತದ ಟೆಸ್ಟೊಸ್ಟೆರಾನ್ (ಮೇಲೆ ಹೇಳಿದ ಪುರುಷ ಹಾರ್ಮೋನ್) ಮಟ್ಟ 50 ng/dLಗಿಂತ ಕೆಳಗಿದೆಯೇ ಎಂಬುದನ್ನೂ ಪರೀಕ್ಷಿಸಿರಿ. ಒಂದು ಇಂಜೆಕ್ಷನ್ ತಡವಾಗಿದ್ದರೂ ಪಿಎಸ್‌ಎ ಏರಬಹುದು, ಇದನ್ನು ಕೇಳಲು ಎಷ್ಟೋ ಬಾರಿ ನಾವೇ ಮರೆಯುತ್ತೇವೆ. ಮೂಳೆಯಿಂದಲೂ ಯಕೃತ್ತಿನಿಂದಲೂ ರಕ್ತಕ್ಕೆ ಸೇರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಹೆಚ್ಚಿದ್ದರೆ ಮೂಳೆಯ ಬಗ್ಗೆ ಸಂಶಯ ಬಲವಾಗುತ್ತದೆ.

ಇವೆಲ್ಲ ಸ್ಕ್ಯಾನ್ ಯಾವಾಗ ಮಾಡಿಸಬೇಕೆಂದು ಹೇಳುತ್ತವೆಯೇ ಹೊರತು ಅದರ ಬದಲಿಗೆ ನಿಲ್ಲಲಾರವು. ಫಲಿತಾಂಶ ಏನೇ ಬಂದರೂ ಉಪಯೋಗವಿದೆ: ಮೂಳೆಯಲ್ಲಿ ರೋಗ ಕಂಡರೆ ಚಿಕಿತ್ಸೆಯ ದಾರಿ ಬೇರೆ, ಕಾಣದಿದ್ದರೂ, ಪಿಎಸ್‌ಎ ಹತ್ತು ತಿಂಗಳೊಳಗೆ ಇಮ್ಮಡಿಯಾಗುವವರಲ್ಲಿ ಹರಡುವಿಕೆಯನ್ನು ಮುಂದೂಡುವ ಅಪಲುಟಮೈಡ್, ಎಂಜಲುಟಮೈಡ್, ಡಾರೊಲುಟಮೈಡ್ ಎಂಬ ಮಾತ್ರೆಗಳಿವೆ. ಸ್ಕ್ಯಾನ್‌ನಲ್ಲಿ ಮಂಡಿಯಲ್ಲೋ ಸೊಂಟದಲ್ಲೋ ಒಂದೇ ಕಲೆ ಕಂಡರೆ ಗಾಬರಿಯಾಗಬೇಡಿ. ಸಂಧಿಗಳ ಸವೆತವೂ ಹಳೆಯ ಮುರಿತವೂ ಹಾಗೆಯೇ ಕಾಣುತ್ತವೆ, ಎಕ್ಸ್‌ರೇ ಅಥವಾ ಸಿಟಿ ನೋಡಿ ನಿರ್ಧರಿಸಬೇಕಾಗುತ್ತದೆ. ಆದರೆ ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಸ್ಕ್ಯಾನ್ ದಿನಕ್ಕಾಗಿ ಕಾಯದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಹೊಸ ಚಿಕಿತ್ಸೆಯಲ್ಲಿ ನನ್ನ ಪಿಎಸ್‌ಎ 64ರಿಂದ 9ಕ್ಕೆ ಇಳಿದಿದೆ. ಆದರೆ ಮೂರು ತಿಂಗಳ ಬೋನ್ ಸ್ಕ್ಯಾನ್‌ನಲ್ಲಿ ಎರಡು ಹೊಸ ಕಲೆಗಳಿವೆ. ಯಾವುದನ್ನು ನಂಬಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಬೋನ್ ಸ್ಕ್ಯಾನ್ ಕ್ಯಾನ್ಸರನ್ನು ನೇರವಾಗಿ ತೋರಿಸುವುದಿಲ್ಲ. ಇಂಜೆಕ್ಷನ್ ಮೂಲಕ ಕೊಡುವ ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತು, ಹೊಸ ಮೂಳೆ ಕಟ್ಟುತ್ತಿರುವ ಜಾಗಗಳಲ್ಲಿ ಸೇರಿಕೊಳ್ಳುತ್ತದೆ. ಚಿಕಿತ್ಸೆ ಫಲಿಸಿ, ಕ್ಯಾನ್ಸರ್ ಸವೆಸಿದ್ದ ಮೂಳೆ ಮಾಯುವಾಗಲೂ ಅಲ್ಲಿ ಹೊಸ ಮೂಳೆ ಕಟ್ಟುವುದರಿಂದ, ಮೊದಲು ಕಾಣದಿದ್ದ ಜಾಗಗಳು ಎದ್ದು ಕಾಣಬಹುದು. ಆದ್ದರಿಂದಲೇ ಮೊದಲ ಮರುಸ್ಕ್ಯಾನ್‌ನಲ್ಲಿ ಕಂಡ ಎರಡು ಹೊಸ ಕಲೆಗಳನ್ನು ರೋಗದ ಏರಿಕೆಯೆಂದು ಒಪ್ಪಬೇಕಾದರೆ, ಮುಂದಿನ ಸ್ಕ್ಯಾನ್‌ನಲ್ಲಿ ಇನ್ನೂ ಎರಡು ಹೊಸವು ಕಾಣಬೇಕು ಎಂಬ ನಿಯಮವಿದೆ. ಹೊಸ ನೋವಿಲ್ಲದಿದ್ದರೆ ಔಷಧ ಬದಲಿಸಲು ಅವಸರಪಡದೆ, ಮುಂದಿನ ಸ್ಕ್ಯಾನ್‌ವರೆಗೆ ಇದೇ ಚಿಕಿತ್ಸೆ ಮುಂದುವರಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿರಿ.