ಜಾಹೀರಾತು ತರಬೇಕಾದ ವರದಿಗಾರ್ತಿ: ಒಂದು ಆಪ್ತಸಲಹೆ ಪ್ರಕರಣ

ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ದಿನಪತ್ರಿಕೆಯೊಂದಕ್ಕೆ ಬಿಡಿ ಸುದ್ದಿಗಾರ್ತಿಯಾಗಿದ್ದ 27 ವರ್ಷದ ಯುವತಿಯೊಬ್ಬರು ಆಪ್ತಸಲಹೆಗಾಗಿ ನನ್ನಲ್ಲಿಗೆ ಬಂದರು. ಪತ್ರಿಕೋದ್ಯಮದಲ್ಲಿ ನೆಲೆ ನಿಲ್ಲಬೇಕೆಂದು ಹೊರಟ ಅನೇಕ ತರುಣರು ಇದೇ ಬಗೆಯ ಸಂಕಟದಲ್ಲಿರುವುದನ್ನು ಕಂಡಿರುವ ಕಾರಣ, ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಈ ಪ್ರಕರಣವನ್ನೂ ನಾನು ನೀಡಿದ ಸಲಹೆಯನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಅವರು ಪತ್ರಿಕೋದ್ಯಮದಲ್ಲಿ ಎಂ.ಎ. ಮುಗಿಸಿದವರು. ಮನೆಯಲ್ಲಿ ಪದವಿ ಮೆಟ್ಟಿಲು ಹತ್ತಿದ ಮೊದಲಿಗರು. ತಂದೆಯದು ಮಳೆ ನಂಬಿದ ಒಣ ಬೇಸಾಯ, ತಾಯಿ ಅಂಗನವಾಡಿ ಸಹಾಯಕಿ. ಓದು ಮುಗಿದೊಡನೆ ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ಕಿರಿಯ ಉಪಸಂಪಾದಕಿಯಾಗಿ ಸೇರಿ, ರಾತ್ರಿ ಪಾಳಿಯಲ್ಲಿ ಜಿಲ್ಲಾ ಪುಟಗಳನ್ನು ನೋಡಿಕೊಂಡಿದ್ದರು. ಆಡಳಿತ ಮಂಡಳಿ ಜಿಲ್ಲಾ ಪುಟಗಳನ್ನು ಕಡಿತಗೊಳಿಸಿದಾಗ ಮೊದಲು ಕೆಲಸ ಹೋದದ್ದು ಕೊನೆಯಲ್ಲಿ ಸೇರಿದವರದು. ಊರಿಗೆ ಮರಳಿ ಇನ್ನೊಂದು ಪತ್ರಿಕೆಗೆ ತಾಲ್ಲೂಕಿನ ಸುದ್ದಿ ಕಳುಹಿಸತೊಡಗಿದರು. ಪೆಟ್ರೋಲು ಮತ್ತು ಮೊಬೈಲ್ ರೀಚಾರ್ಜಿಗೆ ಸಾಲುವಷ್ಟು ಗೌರವಧನ, ಅದೂ ತಡವಾಗಿ. ಉಳಿದ ಆದಾಯವೆಂದರೆ ತಾವು ತಂದುಕೊಟ್ಟ ಜಾಹೀರಾತಿನ ಮೇಲಿನ ಕಮಿಷನ್. ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದ ನೆನಪಿಗಾಗಿ ನಾಡಿನಾದ್ಯಂತ ನಡೆಯುವ ಪತ್ರಿಕಾ ದಿನಾಚರಣೆಯಲ್ಲಿ ಆ ವರ್ಷ ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಆಗ ಅವರ ಕೈಗೆ ಕೆಲವು ತಿಂಗಳ ಗೌರವಧನ ಇನ್ನೂ ಬಂದಿರಲಿಲ್ಲ.

ಅವರು ಹೇಳಿಕೊಂಡ ತೊಂದರೆ ನಿದ್ರೆಯದು. ನಡುರಾತ್ರಿ ಎಚ್ಚರವಾಗುತ್ತದೆ, ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ, ಬೇರೆ ಪತ್ರಿಕೆಗಳ ಇ-ಪೇಪರ್ ತೆರೆದು ತಾವು ಯಾವ ಸುದ್ದಿಯನ್ನು ಬಿಟ್ಟೆವೋ ಎಂದು ಹುಡುಕುತ್ತಾರೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಜಿಲ್ಲಾ ವರದಿಗಾರರ ಕರೆ ಬಂದರೆ ಎದೆ ಬಡಿದುಕೊಳ್ಳುತ್ತದೆ. ಜೊತೆಗೆ ಓದಿದವರಲ್ಲಿ ಹೆಚ್ಚಿನವರು ಕಂಪನಿಗಳ ಪ್ರಚಾರ ವಿಭಾಗಕ್ಕೋ ಕಂಟೆಂಟ್ ಬರೆಯುವ ಕೆಲಸಕ್ಕೋ ಸೇರಿ ತಿಂಗಳ ಸಂಬಳ ಎಣಿಸುತ್ತಿದ್ದಾರೆ. ಮನೆಯಲ್ಲಿ ತಂದೆಯ ಮಾತು ಒಂದೇ: “ಪೇಪರ್‌ನ್ಯಾಗ ಹೆಸರು ಬಂದ್ರ ಹೊಟ್ಟಿ ತುಂಬತದೇನವ್ವ? ಎಫ್‌ಡಿಎ ಪರೀಕ್ಷಾ ಬರಿ, ನಮ್ಮ ಕಡೀಗೆ ಮೀಸಲಾತಿ ಐತಿ.” ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಇರುವುದು ನಿಜ. ಆ ದಾರಿಯಲ್ಲಿ ಹೋದ ನೆರೆಮನೆಯ ಹುಡುಗ ಮನೆ ಕಟ್ಟಿಸುತ್ತಿರುವುದನ್ನು ತಂದೆ ದಿನವೂ ನೋಡುತ್ತಿದ್ದರು.

ಮೊದಲ ಭೇಟಿಯಲ್ಲಿ ನಾನು ವೃತ್ತಿಯ ಪ್ರಶ್ನೆಯನ್ನು ಬದಿಗಿರಿಸಿದೆ. ನಿದ್ರೆಗೆಟ್ಟ ಮನಸ್ಸಿನಿಂದ ಬದುಕಿನ ದೊಡ್ಡ ತೀರ್ಮಾನ ತೆಗೆದುಕೊಳ್ಳಬಾರದೆಂಬುದು ನನ್ನ ದೃಢ ಅಭಿಪ್ರಾಯ. ಬದುಕೇ ಬೇಡವೆಂಬ ಆಲೋಚನೆಗಳು ಬರುತ್ತಿವೆಯೇ ಎಂದು ನೇರವಾಗಿ ಕೇಳಿದೆ, ಇಲ್ಲವೆಂದರು. ಆದರೂ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಒಮ್ಮೆ ಕಾಣಲು ತಿಳಿಸಿ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕನ್ನಡದಲ್ಲಿಯೇ ಮಾತನಾಡಬಹುದೆಂದು ಬರೆದುಕೊಟ್ಟೆ. ರಾತ್ರಿ ಪುಟಗಳು ಮುದ್ರಣಕ್ಕೆ ಹೋದ ಮೇಲೆ ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗಿಟ್ಟು ಮಲಗುವುದೆಂದೂ, ಇ-ಪೇಪರ್ ನೋಡುವುದು ಬೆಳಗಿನ ಚಹಾದ ನಂತರವೇ ಎಂದೂ ಒಪ್ಪಂದವಾಯಿತು.

ಎರಡನೆಯ ಭೇಟಿಗೆ ಬರುವಾಗ ಪ್ರಕಟವಾದ ತಮ್ಮ ವರದಿಗಳ ಕಡತವನ್ನು ತರಲು ಹೇಳಿದ್ದೆ. ಇಬ್ಬರೂ ಮೇಜಿನ ಮೇಲೆ ಆ ತುಣುಕುಗಳನ್ನು ಹರಡಿಕೊಂಡು ಕುಳಿತೆವು. ಬಹುಪಾಲು ಉದ್ಘಾಟನೆ, ಜಯಂತಿ, ಸನ್ಮಾನ, ಮನವಿ ಸಲ್ಲಿಕೆ; ಪ್ರೆಸ್ ನೋಟ್ ಬಂದಂತೆಯೇ ಸಾಲು ತಿದ್ದಿ ಕಳುಹಿಸಿದವು. ಅವುಗಳ ನಡುವೆ ಶುದ್ಧ ಕುಡಿಯುವ ನೀರಿನ ಘಟಕಗಳ ಬಗ್ಗೆ ಬರೆದ ಕೆಲವು ವರದಿಗಳಿದ್ದವು. ಹಳ್ಳಿಯೊಂದರ ಘಟಕದ ಶಟರ್ ಎಳೆದಿದೆ, ನಾಣ್ಯ ಹಾಕುವ ಪೆಟ್ಟಿಗೆಯ ತೂತಿನಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿದೆ, ಗೋಡೆಯ ಮೇಲೆ ನಿರ್ವಹಣೆಯ ಗುತ್ತಿಗೆದಾರರ ಫೋನ್ ನಂಬರಿನ ಕೊನೆಯ ಅಂಕಿಗಳು ಉಜ್ಜಿಹೋಗಿವೆ, ಹೆಂಗಸರು ಮತ್ತೆ ಕೊಳವೆಬಾವಿಯ ನೀರನ್ನೇ ಹೊರುತ್ತಿದ್ದಾರೆ ಎಂದು ಆಕೆ ಬರೆದಿದ್ದರು. ಆ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಾಗ 1.5ರವರೆಗೆ ಸಹಿಸಬಹುದು. ಮಕ್ಕಳ ಹಲ್ಲಿನ ಕಂದು ಕಲೆ, ಹಿರಿಯರ ಮೊಣಕಾಲಿನ ಬಿಗಿತ ಇವೆಲ್ಲವನ್ನೂ ಆಕೆ ಮನೆಮನೆಗೆ ಹೋಗಿ ಕೇಳಿ ಬರೆದಿದ್ದರು. ಆ ವರದಿಗಳ ಬಗ್ಗೆ ಮಾತನಾಡುವಾಗ ಆಕೆಯ ಧ್ವನಿಯೇ ಬೇರೆಯಾಗಿತ್ತು. “ಇದನ್ನ ಬಿಟ್ಟು ಬೇರೆ ಏನ್ ಮಾಡಿದ್ರೂ ನನಗ ಸಮಾಧಾನ ಇಲ್ಲ ಮೇಡಂ” ಎಂದರು.

ನಿದ್ರೆಗೆಡಿಸಿದ್ದೇನೆಂಬುದು ಹೊರಬಿದ್ದದ್ದೂ ಆಗಲೇ. ಪತ್ರಿಕೆಯ ವಾರ್ಷಿಕ ವಿಶೇಷ ಸಂಚಿಕೆಗೆ ತಾಲ್ಲೂಕಿನಿಂದ ಇಷ್ಟು ಜಾಹೀರಾತು ಬರಲೇಬೇಕೆಂದು ಗುರಿ ನಿಗದಿಯಾಗಿತ್ತು. ಆ ಊರಿನಲ್ಲಿ ಅರ್ಧ ಪುಟದ ಶುಭಾಶಯ ಕೊಡಬಲ್ಲವರು ಕೆಲವರೇ, ಅವರಲ್ಲಿ ಒಬ್ಬರು ಅದೇ ನೀರಿನ ಘಟಕಗಳ ಗುತ್ತಿಗೆದಾರರು. ಆಕೆ ಅವರ ಕಚೇರಿಗೆ ಹೋಗಿ ಕುಳಿತು ಜಾಹೀರಾತು ಕೇಳಿದರು, ಅವರು ನಗುನಗುತ್ತಲೇ ಕೊಟ್ಟರು. ಅದರ ನಂತರ ಬರೆಯಬೇಕಿದ್ದ ಮುಂದಿನ ವರದಿ ಲ್ಯಾಪ್‌ಟಾಪಿನಲ್ಲಿಯೇ ಉಳಿಯಿತು. ಯಾರೂ ಬರೆಯಬೇಡ ಎಂದಿರಲಿಲ್ಲ.

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಇಲ್ಲಿದೆ. ‘ಪತ್ರಿಕೋದ್ಯಮದಲ್ಲಿ ಮುಂದುವರಿಯಲೇ, ಬಿಡಲೇ’ ಎಂದು ಆಕೆ ಕೇಳುತ್ತಿದ್ದರು. ಆದರೆ ಆಕೆಯನ್ನು ದಣಿಸಿದ್ದು ಸುದ್ದಿ ಹುಡುಕುವ ಕೆಲಸವಲ್ಲ, ಸುದ್ದಿಗೆ ಗುರಿಯಾಗಬೇಕಾದವರ ಬಳಿಯೇ ಅನ್ನಕ್ಕಾಗಿ ಕೈ ಚಾಚಬೇಕಾದ ವ್ಯವಸ್ಥೆ. ಇವೆರಡನ್ನೂ ಒಂದೇ ಎಂದು ತಿಳಿದು ಸಹಿಸಿಕೊಂಡಿರುವುದನ್ನು ಆಕೆ ಛಲವೆಂದು ಭಾವಿಸಿದ್ದರು. ಅವರ ಪ್ರಾಧ್ಯಾಪಕರು ತರಗತಿಯಲ್ಲಿ ಡಿ.ವಿ.ಜಿ.ಯವರ ಉದಾಹರಣೆಯನ್ನು ಮತ್ತೆ ಮತ್ತೆ ಕೊಡುತ್ತಿದ್ದರಂತೆ: ಬಡತನದಲ್ಲಿ ಪತ್ರಿಕೆ ನಡೆಸಿದರು, ಬಂದ ಚೆಕ್ಕುಗಳನ್ನು ನಗದು ಮಾಡಿಸಿಕೊಳ್ಳದೆ ಪೆಟ್ಟಿಗೆಯಲ್ಲಿಟ್ಟರು ಎಂದು ನಮ್ಮಲ್ಲಿ ಎಲ್ಲರೂ ಹೇಳುವ ಪ್ರಸಂಗವದು. ಆ ಹಿರಿಯರ ನಿಷ್ಠೆಗೆ ನಾನೂ ತಲೆಬಾಗುತ್ತೇನೆ. ಆದರೆ ಸಾಲ ಮಾಡಿ ಮಗಳನ್ನು ಓದಿಸಿದ ಮನೆಯ ಯುವತಿಯೊಬ್ಬಳಿಗೆ ಬಡತನವನ್ನೇ ವೃತ್ತಿಧರ್ಮವೆಂದು ಬೋಧಿಸುವುದು ಅನ್ಯಾಯ. ಕಾರ್ಯನಿರತ ಪತ್ರಕರ್ತರಿಗೆ ನ್ಯಾಯವಾದ ವೇತನ ಬೇಕೆಂದೇ 1955ರಲ್ಲಿ ಕಾಯ್ದೆ ಬಂತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿಯಿತು. ಕಾಯ್ದೆಯ ವ್ಯಾಖ್ಯೆಯಲ್ಲಿ ಅರೆಕಾಲಿಕವಾಗಿ ನೇಮಕಗೊಂಡ ಪತ್ರಕರ್ತರೂ ಬರುತ್ತಿದ್ದರು. ಆದರೆ ಆಕೆಯ ಬಳಿ ನೇಮಕಾತಿ ಪತ್ರವಿರಲಿ, ಗುರುತಿನ ಚೀಟಿಯೂ ಇರಲಿಲ್ಲ. ಹಕ್ಕು ಕೇಳಲು ಕೈಯಲ್ಲಿ ಒಂದು ಹಾಳೆಯಾದರೂ ಬೇಕು.

ಹೀಗಾಗಿ ನನ್ನ ಮೊದಲ ಸಲಹೆ ಹಣದ ಬಗ್ಗೆಯೇ ಇತ್ತು. ತಿಂಗಳಿಗೆ ತಮ್ಮ ಖರ್ಚು ಮತ್ತು ಮನೆಗೆ ಕೊಡಲೇಬೇಕಾದ ಪಾಲು ಎಷ್ಟು ಎಂಬುದನ್ನು ಬರೆದು, ಆ ಮೊತ್ತವನ್ನು ತಾಲ್ಲೂಕಿನ ಯಾವ ಜಾಹೀರಾತುದಾರರ ಋಣಕ್ಕೂ ಬೀಳದ ಕೆಲಸದಿಂದ ಗಳಿಸುವ ದಾರಿ ಹುಡುಕಬೇಕೆಂದೆ. ಡೆಸ್ಕ್‌ನಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ, ಪಠ್ಯ ತಿದ್ದುವುದು, ವಿಡಿಯೊಗಳಿಗೆ ಕನ್ನಡ ಅಡಿಬರಹ ಬರೆಯುವುದು, ಇವೆಲ್ಲ ಊರಿನಲ್ಲಿ ಕುಳಿತೇ ಮಾಡಬಹುದಾದ ಕೆಲಸಗಳು. ಆಕಾಶವಾಣಿ ಜಿಲ್ಲೆಗಳಲ್ಲಿ ಅರೆಕಾಲಿಕ ವರದಿಗಾರರನ್ನು ನೇಮಿಸಿಕೊಳ್ಳುತ್ತದೆ, ಪ್ರಕಟಣೆ ಬಂದಾಗ ಬಿಡಬಾರದೆಂದೆ. ಗ್ರಾಮೀಣ ಬದುಕಿನ ದೀರ್ಘ ವರದಿಗಳಿಗೆಂದೇ ಪಿ. ಸಾಯಿನಾಥ್ ಅವರು 2014ರಲ್ಲಿ ಆರಂಭಿಸಿದ ‘ಪರಿ’ಯಂಥ ತಾಣ ಕನ್ನಡದಲ್ಲಿಯೂ ಪ್ರಕಟಿಸುತ್ತದೆ, ನೀರಿನ ವಸ್ತುವಿಗೆ ಅಂಥ ಕಡೆ ಜಾಗವಿದೆ.

ಜಾಹೀರಾತಿನ ವಿಷಯದಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಮಾತನಾಡಿದೆ. ಜಾಹೀರಾತು ಸಂಗ್ರಹವನ್ನು ಪೂರ್ತಿಯಾಗಿ ನಿರಾಕರಿಸಿ ಎಂದೆ. ಅದು ಆಗದ ಮಾತೆಂದು ಆಕೆ ಅಷ್ಟೇ ಸ್ಪಷ್ಟವಾಗಿ ಹೇಳಿದರು: ನಿರಾಕರಿಸಿದರೆ ಮರುದಿನವೇ ಬೇರೆಯವರು ಸುದ್ದಿ ಕಳುಹಿಸುತ್ತಾರೆ, ಜಾಹೀರಾತು ತರಬಲ್ಲವರು ಸಾಲಾಗಿ ನಿಂತಿದ್ದಾರೆ. ತಾಲ್ಲೂಕಿನ ವಾಸ್ತವ ಆಕೆಗೇ ಹೆಚ್ಚು ಗೊತ್ತು, ಆದ್ದರಿಂದ ಇಬ್ಬರೂ ಸೇರಿ ಒಂದು ಗೆರೆ ಎಳೆದೆವು. ಬಟ್ಟೆ ಅಂಗಡಿ, ಕೋಚಿಂಗ್ ಕೇಂದ್ರ, ಆಭರಣ ಮಳಿಗೆಗಳಿಂದ ಜಾಹೀರಾತು ತರಬಹುದು. ಸರ್ಕಾರಿ ಕಾಮಗಾರಿಯ ಗುತ್ತಿಗೆದಾರರು, ಪಂಚಾಯಿತಿ ಸದಸ್ಯರು ಮತ್ತು ತಮ್ಮ ವರದಿಗೆ ವಸ್ತುವಾದ ಯಾರ ಬಳಿಯೂ ಹೋಗಬಾರದು. ಇದನ್ನು ಜಿಲ್ಲಾ ವರದಿಗಾರರಿಗೆ ಬಾಯಿಮಾತಿನಲ್ಲಿ ಹೇಳದೆ, “ಸರ್, ನೀರಿನ ಘಟಕಗಳ ಸರಣಿ ಬರೆಯುತ್ತಿರುವುದರಿಂದ ಈ ಜಾಹೀರಾತುದಾರರನ್ನು ಪ್ರಸರಣ ವಿಭಾಗದವರೋ ಜಾಹೀರಾತು ವಿಭಾಗದವರೋ ಸಂಪರ್ಕಿಸಿದರೆ ಪತ್ರಿಕೆಗೂ ಒಳ್ಳೆಯದು” ಎಂದು ವಿನಯದಿಂದ ಬರೆದು ಕಳುಹಿಸುವಂತೆ ಸೂಚಿಸಿದೆ. ಈ ವಾಕ್ಯವನ್ನು ನಾವು ಕುಳಿತು ಹಲವು ಸಲ ತಿದ್ದಿದೆವು. ದೂರಿನ ಧಾಟಿ ಬಾರದಂತೆ, ಕ್ಷಮೆ ಕೇಳಿದಂತೆಯೂ ಆಗದಂತೆ.

ವರದಿಗಾರಿಕೆಯಲ್ಲಿ ಎಲ್ಲದರ ಹಿಂದೆ ಓಡುವುದನ್ನು ಬಿಟ್ಟು, ಒಂದು ವಿಷಯದಲ್ಲಿ ತಾಲ್ಲೂಕಿನಲ್ಲೇ ಹೆಚ್ಚು ತಿಳಿದವರಾಗುವುದು ಆಕೆಯ ಮುಂದಿನ ದಾರಿಯೆಂದು ನನಗನ್ನಿಸಿತು. ಆ ವಿಷಯ ನೀರು ಎಂಬುದನ್ನು ಕಡತವೇ ಹೇಳಿತ್ತು. ಮಾಹಿತಿ ಹಕ್ಕು ಅರ್ಜಿಗಳನ್ನು ತುರ್ತಾಗಿ ಗೀಚಿ ಹಾಕುತ್ತಿದ್ದುದರಿಂದ ಆಕೆಗೆ ಸರಿಯಾದ ಉತ್ತರ ಬಂದಿರಲಿಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ, ಸಾಮಾನ್ಯವಾಗಿ 150 ಪದಗಳೊಳಗಿರಬೇಕು. ಶುಲ್ಕ 10 ರೂಪಾಯಿ. 30 ದಿನಗಳಲ್ಲಿ ಉತ್ತರ ಬರಬೇಕು, ಬಾರದಿದ್ದರೆ ನಂತರದ 30 ದಿನಗಳೊಳಗೆ ಮೊದಲ ಮೇಲ್ಮನವಿ. ಒಂದು ಅರ್ಜಿಯಲ್ಲಿ ಒಂದು ಹೋಬಳಿಯ ಘಟಕಗಳ ನಿರ್ವಹಣಾ ಒಪ್ಪಂದದ ಪ್ರತಿ, ಇನ್ನೊಂದರಲ್ಲಿ ಪಾವತಿಯ ಬಿಲ್ಲುಗಳು, ಮತ್ತೊಂದರಲ್ಲಿ ನೀರಿನ ಪರೀಕ್ಷೆಯ ವರದಿ ಎಂದು ಬಿಡಿಸಿ ಕೇಳಲು ತಿಳಿಸಿದೆ. ಅರ್ಜಿಯ ಅವಧಿ ಮುಗಿಯುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು, ದಾಖಲೆಯಿಲ್ಲದ ಆರೋಪವನ್ನು ಬರೆಯದಿರುವುದು, ಗುತ್ತಿಗೆದಾರರ ಪ್ರತಿಕ್ರಿಯೆಯನ್ನು ಕೇಳಿದ ದಿನ ಮತ್ತು ವೇಳೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುವುದು, ಬೆದರಿಕೆಯ ಕರೆ ಬಂದರೆ ಅಂದೇ ಸಂಪಾದಕೀಯ ವಿಭಾಗಕ್ಕೂ ಪತ್ರಕರ್ತರ ಸಂಘಕ್ಕೂ ಲಿಖಿತವಾಗಿ ತಿಳಿಸುವುದು, ಇವಿಷ್ಟನ್ನು ರೂಢಿ ಮಾಡಿಕೊಳ್ಳಬೇಕೆಂದೆ. ಸಣ್ಣ ಊರಿನ ವರದಿಗಾರರಿಗೆ, ಅದರಲ್ಲೂ ಒಬ್ಬಂಟಿಯಾಗಿ ಓಡಾಡುವ ಹೆಣ್ಣುಮಕ್ಕಳಿಗೆ, ಈ ಶಿಸ್ತೇ ರಕ್ಷಣೆ.

ಸರ್ಕಾರಿ ಪರೀಕ್ಷೆಯ ಪ್ರಶ್ನೆಯಲ್ಲಿ ಆಕೆ ನನ್ನಿಂದ ನಿರೀಕ್ಷಿಸಿದ್ದು ತಂದೆಯ ವಿರುದ್ಧ ಬೆಂಬಲವನ್ನು. ನಾನು ಅದನ್ನು ಕೊಡಲಿಲ್ಲ. ತಂದೆಯನ್ನೇ ಒಂದು ದಿನ ಕರೆತರಲು ಹೇಳಿದೆ. ಅವರು ಬಂದು, ಮಗಳ ಹೆಸರು ಕೆಡುತ್ತದೆ ಎನ್ನುವುದಕ್ಕಿಂತ ಮಗಳು ನೆಲೆಯಿಲ್ಲದೆ ಉಳಿದಾಳು ಎಂಬ ಭಯವನ್ನು ಮನಬಿಚ್ಚಿ ಹೇಳಿಕೊಂಡರು. ನೀರಿನ ವರದಿಗಳನ್ನು ಅವರು ಓದಿರಲಿಲ್ಲ. ಮಗಳು ಓದಿ ಹೇಳಿದಾಗ, ತಮ್ಮ ಅಕ್ಕನ ಮೊಣಕಾಲಿನ ನೋವಿಗೂ ಅದೇ ಕಾರಣವಿರಬಹುದೇ ಎಂದು ಕೇಳಿದರು. ಕೊನೆಗೆ ಒಂದೂವರೆ ವರ್ಷದ ಅವಧಿ ಗೊತ್ತು ಮಾಡಿದೆವು. ಅಷ್ಟರಲ್ಲಿ ಗೊತ್ತುಮಾಡಿದ ಮೊತ್ತವನ್ನು ಬರವಣಿಗೆಯಿಂದಲೇ ಸತತ ಆರು ತಿಂಗಳು ಗಳಿಸಲಾಗದಿದ್ದರೆ ಆಕೆ ಪರೀಕ್ಷೆಗೆ ಓದಲು ಕುಳಿತುಕೊಳ್ಳುತ್ತಾರೆ. ವಯೋಮಿತಿ ಅಷ್ಟರಲ್ಲಿ ಮೀರುವುದಿಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಮದುವೆಯ ಮಾತನ್ನೂ ಪರೀಕ್ಷೆಯ ಮಾತನ್ನೂ ಊಟದ ಹೊತ್ತಿಗೆ ಎತ್ತಬಾರದು. ಅವಧಿ ಇಲ್ಲದ ಹೋರಾಟ ಮನೆಮಂದಿಯನ್ನೂ ಸುಸ್ತು ಮಾಡುತ್ತದೆ. ಕೊನೆಯ ದಿನವೊಂದು ಗೊತ್ತಿದ್ದರೆ ಅಪ್ಪನಿಗೂ ಕಾಯುವ ತಾಳ್ಮೆ ಬರುತ್ತದೆಂದು ನಾನು ಕಂಡುಕೊಂಡಿದ್ದೇನೆ.

ಈಗಿನ ಸ್ಥಿತಿ ಹೀಗಿದೆ. ನಿದ್ರೆ ಬಹುಮಟ್ಟಿಗೆ ಸುಧಾರಿಸಿದೆ. ಅನುವಾದದ ಕೆಲಸದಿಂದ ಬೇಕಾದ ಮೊತ್ತದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬರುತ್ತಿದೆ, ಅದು ಸಾಲದು. ಜಿಲ್ಲಾ ವರದಿಗಾರರು ಪತ್ರಕ್ಕೆ ಉತ್ತರ ಬರೆಯಲಿಲ್ಲ, ಆದರೆ ಗುತ್ತಿಗೆದಾರರ ಜಾಹೀರಾತನ್ನು ಮುಂದಿನ ಸಲ ಬೇರೆಯವರ ಮೂಲಕ ತರಿಸಿಕೊಂಡರು. ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ವರದಿ, ಬಿಲ್ಲುಗಳ ಪ್ರತಿ ಕೈಸೇರಿದ ಮೇಲೆ, ಆಕೆಯ ಹೆಸರಿನೊಂದಿಗೆ ಪ್ರಕಟವಾಯಿತು. ಒಂದು ಘಟಕ ದುರಸ್ತಿಯಾಗಿದೆ, ಉಳಿದವು ಹಾಗೆಯೇ ಇವೆ. ನೀರಿನ ಪರೀಕ್ಷಾ ವರದಿಯ ಅರ್ಜಿಗೆ ಉತ್ತರ ಬಾರದೆ ಮೇಲ್ಮನವಿ ಸಲ್ಲಿಸಿದ್ದಾರೆ. ನೇಮಕಾತಿ ಪತ್ರಕ್ಕಾಗಿ ಸಂಪಾದಕರಿಗೆ ಬರೆದ ಮನವಿಯ ಕರಡನ್ನು ಮುಂದಿನ ಭೇಟಿಯಲ್ಲಿ ನೋಡಲಿದ್ದೇವೆ.