ಲೆಕ್ಕ ಸರಿಯಿತ್ತು, ಡೋಸ್ ಕಡಿಮೆಯಿತ್ತು

ಆಪ್ತಸಲಹೆಗಾರ್ತಿಯಾದ ನನಗೆ ವೈದ್ಯರು ಕಳುಹಿಸಿದ ಚೀಟಿಯಲ್ಲಿ ಎರಡೇ ಸಾಲು ಇತ್ತು. ಟೈಪ್ 1 ಮಧುಮೇಹ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಒಂದು ವರ್ಷದಲ್ಲಿ 7.2ರಿಂದ 9.1ಕ್ಕೆ ಏರಿದೆ. ಕಾರ್ಬ್ ಲೆಕ್ಕದಲ್ಲಿ (ಊಟದ ಕಾರ್ಬೋಹೈಡ್ರೇಟ್ ಎಣಿಸಿ ಇನ್ಸುಲಿನ್ ಡೋಸ್ ನಿರ್ಧರಿಸುವುದರಲ್ಲಿ) ಶಿಸ್ತು ತಪ್ಪಿರಬಹುದು, ಮಾತನಾಡಿಸಿ ನೋಡಿ. ಬಂದವರು ಮೂವತ್ತರ ಆಸುಪಾಸಿನ ಶಿಕ್ಷಕಿ, ಶಾಲೆಗೆ ಹೋಗುವ ವಯಸ್ಸಿನಿಂದಲೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ; ಬರೆಯುವುದಕ್ಕೆ ಅವರ ಒಪ್ಪಿಗೆಯಿದೆ.

ಶಿಸ್ತು ತಪ್ಪಿದೆ ಎಂಬ ಅನುಮಾನ ಅವರ ನೋಟ್‌ಪುಸ್ತಕ ತೆರೆಯುತ್ತಿದ್ದಂತೆ ಬಿದ್ದುಹೋಯಿತು. ಪ್ರತಿ ಊಟಕ್ಕೂ ಸ್ಕೇಲಿನಿಂದ ಎಳೆದ ಕಾಲಂಗಳು. ಅನ್ನ 150 ಗ್ರಾಂ, ಅದರಲ್ಲಿ ಕಾರ್ಬೋಹೈಡ್ರೇಟ್ 42. ಒಂದು ಲೋಟ ಹಾಲಿಗೆ 12. ತರಕಾರಿಗೆ 6. ಒಟ್ಟು 60 ಗ್ರಾಂ. ಹತ್ತು ಗ್ರಾಂಗೆ ಒಂದು ಯೂನಿಟ್ ಎಂಬುದು ವೈದ್ಯರು ಅವರಿಗೆ ಕೊಟ್ಟ ಅನುಪಾತ. ಆದ್ದರಿಂದ ಡೋಸ್ 6. ಎಲ್ಲವೂ ನೀಲಿ ಶಾಯಿಯಲ್ಲಿ, ಮಕ್ಕಳ ಉತ್ತರಪತ್ರಿಕೆ ತಿದ್ದುವವರ ಅಚ್ಚುಕಟ್ಟಿನಲ್ಲಿ. ಅದರ ಪಕ್ಕದ ಅಂಚಿನಲ್ಲಿ ಮಾತ್ರ ಪೆನ್ಸಿಲ್‌ನಿಂದ ಬರೆದ ಸಣ್ಣ ಅಂಕಿ: 4. ಪುಟಗಳನ್ನು ತಿರುವಿದೆ. ರಾತ್ರಿಯ ಊಟದ ಎದುರು ಎಲ್ಲ ಕಡೆಯೂ ಹೀಗೆಯೇ. ನೀಲಿಯ 7 ಪೆನ್ಸಿಲ್‌ನಲ್ಲಿ 5, ನೀಲಿಯ 5 ಪೆನ್ಸಿಲ್‌ನಲ್ಲಿ 3.

"ಈ ಪೆನ್ಸಿಲ್ ಅಂಕಿ ಯಾವುದು?" ಎಂದು ಕೇಳಿದೆ.

"ಅದು ನಿಜವಾಗಿ ತೆಗೆದುಕೊಂಡದ್ದು, ಮೇಡಂ."

ಅವರಿಗೆ ಒಂದು ಯೂನಿಟ್ ರಕ್ತದ ಸಕ್ಕರೆಯನ್ನು ಡೆಸಿಲೀಟರ್‌ಗೆ ಸುಮಾರು 40 ಮಿಲಿಗ್ರಾಂ ಇಳಿಸುತ್ತದೆ. ಎರಡು ಯೂನಿಟ್ ಕಡಿತವಾದರೆ 130ರಲ್ಲಿ ಊಟಕ್ಕೆ ಕುಳಿತವರು 210ರ ಹತ್ತಿರ ಮಲಗುತ್ತಾರೆ. ಅವರಿಗೆ ಬೇಕಿದ್ದದ್ದೂ ಅದೇ. "ಇನ್ನೂರರ ಕೆಳಗೆ ಇದ್ದರೆ ನನಗೆ ನಿದ್ದೆ ಬರುವುದಿಲ್ಲ" ಎಂದರು.

ಇನ್ಸುಲಿನ್ ಬೇಕೆಂದೇ ಕಡಿಮೆ ಮಾಡುವವರನ್ನು ನಾನು ಎರಡು ಪ್ರಶ್ನೆ ಕೇಳದೆ ಬಿಡುವುದಿಲ್ಲ. ತೂಕ ಇಳಿಸುವ ಉದ್ದೇಶವಿದೆಯೇ, ಬದುಕು ಬೇಡವೆನಿಸಿದೆಯೇ. ಮುಜುಗರದ ಪ್ರಶ್ನೆಗಳು ನಿಜ, ಆದರೆ ಇನ್ಸುಲಿನ್ ಪೆನ್ ಸದಾ ಕೈಗೆಟುಕುವಲ್ಲಿ ಇರುವ ಮನುಷ್ಯನ ಬಳಿ ಮುಜುಗರಪಟ್ಟುಕೊಂಡು ಸುಮ್ಮನಿರಲಾಗದು. ಎರಡಕ್ಕೂ ಇಲ್ಲವೆಂಬ ನೇರ ಉತ್ತರ ಬಂತು. ಖಿನ್ನತೆಯ ಪ್ರಶ್ನಾವಳಿಯಲ್ಲೂ ಆತಂಕಪಡುವಂಥದ್ದು ಕಾಣಲಿಲ್ಲ. ಉಳಿದದ್ದು ಭಯ, ರಾತ್ರಿ ಸಕ್ಕರೆ ತೀರಾ ಇಳಿದುಬಿಡುತ್ತದೆಂಬ ಭಯ.

ಭಯಕ್ಕೆ ಒಂದು ರಾತ್ರಿಯ ಹಿನ್ನೆಲೆಯಿತ್ತು. ಕಳೆದ ವರ್ಷ ನಡುರಾತ್ರಿ ಪತಿಗೆ ಎಚ್ಚರವಾದಾಗ ಇವರು ಬೆವರಿನಲ್ಲಿ ತೊಯ್ದು, ಕರೆದರೆ ಓಗೊಡದ ಸ್ಥಿತಿಯಲ್ಲಿದ್ದರು. ಆಂಬುಲೆನ್ಸ್ ಬಂತು, ಗ್ಲುಕೋಸ್ ಏರಿಸಿದರು, ಬೆಳಗಾಗುವಷ್ಟರಲ್ಲಿ ಚೇತರಿಸಿಕೊಂಡರು. "ಆ ದಿನ ಲೆಕ್ಕ ತಪ್ಪಿತು" ಎಂಬುದು ಅವರ ತೀರ್ಮಾನ. ಅಡುಗೆಮನೆಗೆ ತೂಕದ ಯಂತ್ರ ಬಂದದ್ದು ಆ ಬಳಿಕವೇ.

ಆ ಸಂಜೆಯನ್ನು ಗಂಟೆ ಗಂಟೆಯಾಗಿ ಹೇಳಿಸಿದೆ. ಐದೂವರೆಯಿಂದ ಏಳರವರೆಗೆ ಶಾಲೆಯ ಕ್ರೀಡಾಕೂಟದ ತಯಾರಿ, ಮಕ್ಕಳ ಜೊತೆ ಇವರೂ ಓಡಿದ್ದಾರೆ. ಎಂಟಕ್ಕೆ ಊಟ, 60 ಗ್ರಾಂ, 6 ಯೂನಿಟ್. ಹತ್ತಕ್ಕೆ ಪರೀಕ್ಷಿಸಿದಾಗ 240. ಗಾಬರಿಯಾಗಿ ಸರಿಪಡಿಸಲು 3 ಯೂನಿಟ್ ಹೆಚ್ಚುವರಿ. ಹನ್ನೊಂದಕ್ಕೆ ನಿದ್ದೆ.

"ಇದರಲ್ಲಿ ಕಾರ್ಬ್ ಲೆಕ್ಕ ಎಲ್ಲಿ ತಪ್ಪಿತು, ತೋರಿಸಿ" ಎಂದೆ. ಮತ್ತೆ ಮತ್ತೆ ನೋಡಿದರು. ಅರವತ್ತು ಅರವತ್ತೇ ಆಗಿತ್ತು. ಊಟಕ್ಕೆ ತೆಗೆದುಕೊಳ್ಳುವ ವೇಗದ ಇನ್ಸುಲಿನ್ ಮೂರರಿಂದ ಐದು ಗಂಟೆ ಕೆಲಸ ಮಾಡುತ್ತಿರುತ್ತದೆ; ಹತ್ತು ಗಂಟೆಗೆ ಎಂಟರ ಡೋಸಿನ ದೊಡ್ಡ ಪಾಲು ಇನ್ನೂ ಮೈಯಲ್ಲಿತ್ತು, ಅದರ ಮೇಲೆ ಇನ್ನೊಂದು ಡೋಸ್ ಬಿತ್ತು. ಜೊತೆಗೆ ಓಟ. ದಣಿದ ಸ್ನಾಯುಗಳು ಗಂಟೆಗಟ್ಟಲೆ, ಕೆಲವೊಮ್ಮೆ ಇಡೀ ರಾತ್ರಿ, ಸಕ್ಕರೆಯನ್ನು ಎಳೆದುಕೊಳ್ಳುತ್ತಲೇ ಇರುತ್ತವೆ. ತಟ್ಟೆಯಲ್ಲಿದ್ದದ್ದನ್ನು ಅವರು ಸರಿಯಾಗಿಯೇ ಎಣಿಸಿದ್ದರು. ತಟ್ಟೆಯ ಹೊರಗಿದ್ದ ಎರಡು ಸಂಗತಿಗಳು ಎಣಿಕೆಗೆ ಬಂದಿರಲಿಲ್ಲ. ಒಂದು ವರ್ಷದಿಂದ ತಪ್ಪೇ ಮಾಡದ ಅನ್ನವನ್ನು ತಕ್ಕಡಿಗೆ ಏರಿಸುತ್ತಿದ್ದರು.

ಇದನ್ನು ಕೇಳಿ ಅವರಿಗೆ ಸಮಾಧಾನವಾಗುತ್ತದೆಂದು ಎಣಿಸಿದವರಿಗೆ ಟೈಪ್ 1 ಜೊತೆಗಿನ ಬದುಕು ಗೊತ್ತಿಲ್ಲ. ಅವರಿಗೆ ಸಿಟ್ಟು ಬಂತು. "ಹಾಗಾದರೆ ಇನ್ನೂ ಎಷ್ಟನ್ನು ನೆನಪಿಡಬೇಕು?" ಎಂದರು. ನ್ಯಾಯವಾದ ಸಿಟ್ಟು. ಬಹುತೇಕ ಕಾಯಿಲೆಗಳಲ್ಲಿ ಔಷಧದ ಪ್ರಮಾಣವನ್ನು ವೈದ್ಯರು ಬರೆದುಕೊಡುತ್ತಾರೆ, ರೋಗಿ ನುಂಗುತ್ತಾನೆ. ಇಲ್ಲಿ ದಿನಕ್ಕೆ ನಾಲ್ಕಾರು ಬಾರಿ ರೋಗಿಯೇ ಪ್ರಮಾಣ ನಿರ್ಧರಿಸಬೇಕು, ಅದೂ ಹೆಚ್ಚಾದರೆ ಜೀವಕ್ಕೆ ಅಪಾಯವಿರುವ ಔಷಧದ್ದು. ಅವರ ಸಿಟ್ಟಿಗೆ ಆ ಭೇಟಿಯ ಉಳಿದ ಸಮಯವನ್ನೆಲ್ಲ ಬಿಟ್ಟುಕೊಟ್ಟೆ. ಸಲಹೆಗಳು ಮುಂದಿನ ಬಾರಿಗೆ ಉಳಿದವು.

ಡೋಸ್ ಬದಲಿಸುವ ಅಧಿಕಾರ ಆಪ್ತಸಲಹೆಗಾರರಿಗಿಲ್ಲ. ಶಿಕ್ಷಕಿಯ ಅನುಮತಿ ಪಡೆದು ವೈದ್ಯರೊಂದಿಗೆ ಮಾತನಾಡಿದೆ, ಪೆನ್ಸಿಲ್ ಅಂಕಿಗಳನ್ನು ಅವರೇ ವೈದ್ಯರಿಗೆ ತೋರಿಸಿದರು. ಬೈಗುಳ ಬೀಳುತ್ತದೆ ಎಂದುಕೊಂಡಿದ್ದರು, ಬೀಳಲಿಲ್ಲ. ಎರಡು ಯೂನಿಟ್‌ನ ಕಡಿತವನ್ನು ಒಮ್ಮೆಲೇ ತುಂಬದೆ ವಾರಕ್ಕೆ ಅರ್ಧ ಯೂನಿಟ್‌ನಂತೆ ಏರಿಸುವುದು, ಏರಿಸಿದ ಮೊದಲ ರಾತ್ರಿಗಳಲ್ಲಿ ಎರಡು ಗಂಟೆಗೆ ಅಲಾರಂ ಇಟ್ಟು ಪರೀಕ್ಷಿಸುವುದು, ಊಟದ ಡೋಸ್ ಆದ ನಾಲ್ಕು ಗಂಟೆಯೊಳಗೆ ಇನ್ನೊಂದು ಡೋಸ್ ಹಾಕದಿರುವುದು, ಮೈದಣಿದ ದಿನಕ್ಕೆ ಪ್ರತ್ಯೇಕ ಲೆಕ್ಕ. ಯೋಜನೆ ವೈದ್ಯರದು. ಪ್ರತಿ ಅರ್ಧ ಯೂನಿಟ್‌ಗೂ ಮನಸ್ಸು ಒಗ್ಗುವಂತೆ ಮಾಡುವುದು ನಮ್ಮಿಬ್ಬರ ಕೆಲಸ.

ಅಲ್ಲೊಂದು ತೊಡಕಿತ್ತು. ಸಕ್ಕರೆ ಇಳಿದಾಗ ಅಡ್ರಿನಲಿನ್ ಹರಿದು ಕೈ ನಡುಗುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಹೆದರಿದಾಗಲೂ ಅದೇ. ಮೇಲಾಗಿ, ಬಹುಕಾಲ ಇನ್ನೂರರ ಮೇಲೆ ಇದ್ದ ದೇಹಕ್ಕೆ 110 ಕೂಡ ಅಪಾಯವೆನಿಸಿ ಅದೇ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಆದ್ದರಿಂದ ನಡುಕ ಬಂದ ಕೂಡಲೇ ಗ್ಲುಕೋಸ್ ಡಬ್ಬಿಗೆ ಕೈ ಹಾಕುವ ಮೊದಲು ಬೆರಳು ಚುಚ್ಚಿ ನೋಡಿ ಎಂದೆ. 70ರ ಕೆಳಗಿದ್ದರೆ ಮಾತಿಲ್ಲ, 15 ಗ್ರಾಂ ಗ್ಲುಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಮೀಟರ್ ಕೈಗೆ ಸಿಗದಿದ್ದರೆ ಕಾಯದೆ ಗ್ಲುಕೋಸ್ ತೆಗೆದುಕೊಳ್ಳಬೇಕು. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡಮಾಡುತ್ತದೆ. 110 ಇದ್ದರೆ ಆ ಅಂಕಿಯನ್ನು ಬರೆದು, ಕುಳಿತು, ನಡುಕ ಇಳಿಯುವುದನ್ನು ನೋಡಬೇಕು. ಈ ಕುಳಿತಿರುವುದೇ ಅತಿ ಕಷ್ಟದ್ದು ಎಂದು ಬಳಿಕ ಹೇಳಿದರು.

ತೂಕದ ಯಂತ್ರದ ಬಗ್ಗೆ ನಮಗೆ ವಾದವೇ ಆಯಿತು. ಅದನ್ನು ಎಸೆಯಿರಿ ಎಂದು ನಾನು ಹೇಳಲಿಲ್ಲ. ಹೊಸ ಆಹಾರವೊಂದನ್ನು ಕಲಿಯುವಾಗ ಅದು ಬೇಕು. ಆದರೆ ಅರವತ್ತು ಗ್ರಾಂನ ಊಟದಲ್ಲಿ ಅಂದಾಜು ಹತ್ತು ಗ್ರಾಂ ಆಚೀಚೆಯಾದರೆ ಸಾಮಾನ್ಯವಾಗಿ ಅನಾಹುತವಾಗುವುದಿಲ್ಲ, ಇಪ್ಪತ್ತು ತಪ್ಪಿದರೆ ತಿಳಿಯುತ್ತದೆ. ಬಾಳೆಹಣ್ಣೊಂದರ ಗಾತ್ರವೇ ಅಷ್ಟು ಏರುಪೇರಾಗುತ್ತದೆ. ವಾರದಲ್ಲಿ ಒಂದು ಹೊತ್ತು ಕಣ್ಣಳತೆಯಲ್ಲಿ ಅಂದಾಜಿಸಿ, ಊಟಕ್ಕೆ ಮುನ್ನ ತೂಗಿ ಹೋಲಿಸಿ ಎಂದೆ. ಅವರ ಕಣ್ಣಳತೆ ತಪ್ಪಿದ್ದು ಎಂಟು ಗ್ರಾಂ, ಅದೂ ಒಮ್ಮೆ. ಇಷ್ಟು ವರ್ಷದ ಅನುಭವ ಕಣ್ಣಿನಲ್ಲಿ ಕುಳಿತಿರುತ್ತದೆ, ಅದನ್ನು ಅವರು ನಂಬುತ್ತಿರಲಿಲ್ಲ ಅಷ್ಟೆ.

ಪತಿಯನ್ನೂ ಕರೆಸಿದೆ. ಒಳ್ಳೆಯ ಮನುಷ್ಯ, ಆದರೆ ಆ ರಾತ್ರಿಯ ನಂತರ ಮನೆಯಲ್ಲಿ ಕಾವಲುಗಾರನಾಗಿಬಿಟ್ಟಿದ್ದರು. ಮೊಬೈಲ್ ಬೆಳಕಿನಲ್ಲಿ ಹೆಂಡತಿಯ ಹಣೆ ಮುಟ್ಟಿ ನೋಡುವುದು, ಪ್ರತಿ ತುತ್ತಿಗೂ "ಎಷ್ಟು ಗ್ರಾಂ?" ಎನ್ನುವುದು. "ಇವರು ಕೇಳಿದಾಗಲೆಲ್ಲ ನಾನು ಪರೀಕ್ಷೆಗೆ ಕುಳಿತ ಹುಡುಗಿಯಾಗುತ್ತೇನೆ" ಎಂದರು ಆಕೆ. ಪತಿ ತಲೆ ತಗ್ಗಿಸಿ, "ನನಗೆ ಇನ್ನೇನು ಮಾಡಬೇಕೋ ಗೊತ್ತಾಗಲಿಲ್ಲ" ಎಂದರು. ಮಾಡಲು ಕೆಲಸ ಕೊಟ್ಟೆವು. ತೀರಾ ಇಳಿದ ಸಕ್ಕರೆಯನ್ನು ಏರಿಸುವ ತುರ್ತು ಔಷಧ ಗ್ಲುಕಗಾನ್ ಕೊಡುವುದನ್ನು ದಾದಿಯಿಂದ ಕಲಿತರು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದೆಂಬುದು ಅವರಿಗೆ ತಿಳಿದಿರಲಿಲ್ಲ. ಎರಡು ಗಂಟೆಯ ಪರೀಕ್ಷೆಯನ್ನು ಸರದಿಯಲ್ಲಿ ಹಂಚಿಕೊಂಡರು. ಊಟದ ಹೊತ್ತಿನ ಪ್ರಶ್ನೆ ನಿಂತಿತು, ಪೂರ್ತಿಯಾಗಿ ಅಲ್ಲ.

ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಬ್ಬ ಸಹೋದ್ಯೋಗಿಗೆ ಹೇಳಿ, ಗ್ಲುಕೋಸ್ ಎಲ್ಲಿದೆ ತೋರಿಸಿ ಎಂದೆ. ಹೇಳಿದ್ದಾರೆ.

ಈಗ ಕಡಿತ ಎರಡು ಯೂನಿಟ್‌ನಿಂದ ಅರ್ಧ ಯೂನಿಟ್‌ಗೆ ಬಂದಿದೆ, ಎಚ್‌ಬಿಎ1ಸಿ 7.9. ಕ್ರೀಡಾಕೂಟ ಬಂದ ವಾರ ಮತ್ತೆ ಒಂದೂವರೆಗೆ ಜಾರಿದ್ದರು, ಅದನ್ನೂ ಬರೆದಿಟ್ಟಿದ್ದರು. ಮಗುವಿನ ಯೋಚನೆ ಇಬ್ಬರಲ್ಲೂ ಇದೆ. ಗರ್ಭ ಧರಿಸುವ ಮೊದಲು ಎಚ್‌ಬಿಎ1ಸಿ 6.5ರ ಒಳಗೆ ಬಂದರೆ ಒಳ್ಳೆಯದು ಎಂದು ವೈದ್ಯರು ಹೇಳಿದ ಮೇಲೆ ಹಳೆಯ ಭಯ ಹೊಸದಾಗಿ ಎದ್ದು ಕುಳಿತಿದೆ: ಅಷ್ಟು ಕೆಳಗೆ ಇಟ್ಟುಕೊಂಡರೆ ರಾತ್ರಿ ಮತ್ತೆ ಹಾಗಾದರೆ? ಸಕ್ಕರೆ ಇಳಿಯುವ ಮುನ್ನವೇ ಅಲಾರಂ ಹೊಡೆಯುವ ಸೆನ್ಸರ್ ಹಾಕಿಸುವ ಮಾತು ನಡೆದಿದೆ. ಮುಂದಿನ ಭೇಟಿಗೆ ದಂಪತಿ ಜೊತೆಯಾಗಿ ಬರಬೇಕು, ಆ ಪ್ರಶ್ನೆಯನ್ನು ವೈದ್ಯರ ಎದುರಿಗೇ ಕೇಳಬೇಕು ಎಂದು ಒಪ್ಪಿಕೊಂಡಿದ್ದೇವೆ.