ಪ್ರಶಸ್ತಿ ಬಂತು, ಕೃತಿ ಎಲ್ಲಿ?

ಪ್ರಿಯ ಓದುಗರೇ,

ಚಿತ್ರಕಾರರಿಗೂ ಶಿಲ್ಪಿಗಳಿಗೂ ಪ್ರಶಸ್ತಿಗಳ ಸಾಲೇ ಇರುವಾಗ ಕೋಡ್ ಬರೆದು, ಸೆನ್ಸರ್ ಜೋಡಿಸಿ, ಪರದೆಯ ಮೇಲೆ ಕೃತಿ ಕಟ್ಟುವ ಹೊಸ ಮಾಧ್ಯಮದ ಕಲಾವಿದರನ್ನು ಕೇಳುವವರೇ ಇಲ್ಲವೆಂದು ಬರೆದಿದ್ದೀರಿ. ಅವರಿಗೆಂದೇ ಪ್ರತ್ಯೇಕ ಪ್ರಶಸ್ತಿ ಬೇಕೆಂದು ಪತ್ರಿಕೆ ಏಕೆ ದನಿಯೆತ್ತುವುದಿಲ್ಲ ಎಂಬುದು ನಿಮ್ಮ ಪ್ರಶ್ನೆ.

ಪ್ರತ್ಯೇಕ ಪ್ರಶಸ್ತಿ ಹೊಸ ಬೇಡಿಕೆಯೇನಲ್ಲ. ಆಸ್ಟ್ರಿಯಾದ ಲಿಂಜ್ ನಗರದ ಪ್ರಿ ಆರ್ಸ್ ಇಲೆಕ್ಟ್ರಾನಿಕಾ ಎಂಬ ಪ್ರಶಸ್ತಿ ಸ್ಪರ್ಧೆ 1987ರಲ್ಲೇ ಕಂಪ್ಯೂಟರ್ ಗ್ರಾಫಿಕ್ಸ್, ಅನಿಮೇಷನ್ ಮತ್ತು ಸಂಗೀತಕ್ಕೆ 'ಗೋಲ್ಡನ್ ನಿಕಾ' ಪುತ್ಥಳಿ ಕೊಡಲು ಆರಂಭಿಸಿತು. ಕಲೆಯ ಗಡಿ ಎಲ್ಲಿ ಮುಗಿಯುತ್ತದೆ ಎಂಬ ಗೊಂದಲವೂ ಜೊತೆಗೇ ಬಂತು: 1999ರಲ್ಲಿ ಆ ಪುತ್ಥಳಿ ಕಂಪ್ಯೂಟರ್ ನಡೆಸುವ ತಂತ್ರಾಂಶವಾದ ಲಿನಕ್ಸ್‌ಗೆ, 2004ರಲ್ಲಿ ವಿಕಿಪೀಡಿಯಕ್ಕೆ ಸಂದಿತು. ಕಲಾವಿದರು ಗೊಣಗಿದ್ದರೆ ತಪ್ಪೆನ್ನಲಾರೆ. ಸಾಂಪ್ರದಾಯಿಕ ವೇದಿಕೆಗಳೂ ಬಾಗಿಲು ಮುಚ್ಚಿಕೊಂಡಿರಲಿಲ್ಲ. 1993ರಲ್ಲಿ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಗೋಲ್ಡನ್ ಲಯನ್ ಪ್ರಶಸ್ತಿ ಪಡೆದ ಜರ್ಮನ್ ಪೆವಿಲಿಯನ್‌ನ (ಜರ್ಮನಿಯ ಪ್ರದರ್ಶನ ಮಂಟಪದ) ಇಬ್ಬರು ಕಲಾವಿದರಲ್ಲಿ ಒಬ್ಬರು ವಿಡಿಯೊ ಕಲೆಯ ನಾಮ್ ಜೂನ್ ಪೈಕ್.

ನನ್ನ ತಕರಾರು ಬೇರೆ. ಬಹುಮಾನ ಪಡೆದ ತೈಲಚಿತ್ರವನ್ನು ಗೋಡೆಗೆ ತೂಗುಹಾಕಿದರೆ ಮೊಮ್ಮಕ್ಕಳೂ ನೋಡಬಹುದು. ಹೊಸ ಮಾಧ್ಯಮದ ಕೃತಿಗೆ ಆ ಭಾಗ್ಯವಿಲ್ಲ. 2020ರ ಕೊನೆಗೆ ಅಡೋಬಿ ಸಂಸ್ಥೆ, ಬ್ರೌಸರ್‌ನಲ್ಲಿ ಅನಿಮೇಷನ್ ಓಡಿಸುತ್ತಿದ್ದ ಫ್ಲ್ಯಾಷ್ ಪ್ಲೇಯರ್ ತಂತ್ರಾಂಶಕ್ಕೆ ಬೆಂಬಲ ನಿಲ್ಲಿಸಿದಾಗ, ಅದನ್ನೇ ನಂಬಿದ್ದ ಅಸಂಖ್ಯ ಕೃತಿಗಳು ಬ್ರೌಸರ್‌ನಲ್ಲಿ ಖಾಲಿ ಚೌಕಗಳಾದವು. ಹಳೆಯ ತಂತ್ರಾಂಶದಂತೆಯೇ ನಡೆದುಕೊಳ್ಳುವ ಎಮ್ಯುಲೇಟರ್‌ಗಳ ನೆರವಿನಿಂದ ಕೆಲವು ಮರಳಿ ಬಂದವು, ಅದೂ ಯಾರೋ ಪಟ್ಟುಹಿಡಿದು ಕುಳಿತದ್ದರಿಂದ.

ಪೈಕ್ ಅವರದೇ ಒಂದು ಕೃತಿ ನೋಡಿ. ದಕ್ಷಿಣ ಕೊರಿಯಾದ ಗ್ವಾಚನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 1988ರಲ್ಲಿ ಅವರು 1,003 ಟಿವಿ ಮಾನಿಟರ್‌ಗಳ ಗೋಪುರ ನಿಲ್ಲಿಸಿದರು. ಮಾನಿಟರ್‌ಗಳು ಹಳತಾಗಿ, ಸುರಕ್ಷತೆಯ ಭಯದಿಂದ 2018ರಲ್ಲಿ ಅದನ್ನು ಆರಿಸಬೇಕಾಯಿತು. ದುರಸ್ತಿ ಮುಗಿಸಿ ಮತ್ತೆ ಬೆಳಗಿಸಿದ್ದು 2022ರಲ್ಲಿ. 737 ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರ್‌ಗಳನ್ನು ರಿಪೇರಿ ಮಾಡಿ ಉಳಿಸಿಕೊಂಡರು, ಮಿಕ್ಕ 266ರ ಜಾಗಕ್ಕೆ ಎಲ್‌ಸಿಡಿ ಬಂತು. ಜಗದ್ವಿಖ್ಯಾತನ ಕೃತಿಗೆ ರಾಷ್ಟ್ರೀಯ ಸಂಸ್ಥೆಯೊಂದು ಇಷ್ಟು ಹೆಣಗಿತು. ಮೂವತ್ತರ ಹರೆಯದ ಕಲಾವಿದೆ ಪ್ರಶಸ್ತಿಫಲಕ ಹಿಡಿದು ಮನೆಗೆ ಹೋದ ಮೇಲೆ ಅವಳ ಸರ್ವರ್ ಬಾಡಿಗೆ ಯಾರು ಕಟ್ಟುತ್ತಾರೆ?

ಆದ್ದರಿಂದ ದನಿಯೆತ್ತುವುದಾದರೆ ನಾನು ಕೇಳುವುದು ಇಷ್ಟು: ಬಹುಮಾನದ ಹಣದ ಜೊತೆಗೆ ಕೆಲವು ವರ್ಷಗಳ ನಿರ್ವಹಣಾ ವೆಚ್ಚವನ್ನೂ ಕೊಡಲಿ. ಮೂಲ ಕೋಡ್‌ನ ಪ್ರತಿಯನ್ನು ಪ್ರಶಸ್ತಿ ಕೊಡುವ ಸಂಸ್ಥೆ ತೆಗೆದಿಡಲಿ. ಯಾವ ಭಾಗ ಬದಲಾದರೂ ಕೃತಿ ಕೃತಿಯಾಗಿಯೇ ಉಳಿಯುತ್ತದೆ, ಯಾವುದು ಬದಲಾದರೆ ಉಳಿಯದು ಎಂಬುದನ್ನು ಕಲಾವಿದರಿಂದಲೇ ಬರೆಸಿಕೊಳ್ಳಲಿ. ತೀರ್ಪುಗಾರರೂ ಮೂರು ನಿಮಿಷದ ವಿಡಿಯೊ ನೋಡಿ ಅಂಕ ಹಾಕದೆ, ಆದಷ್ಟೂ ಕೃತಿಯ ಮುಂದೆ ನಿಲ್ಲಲಿ. ನೋಡುಗ ಕೈಚಾಚಿದರೆ ಮಾತ್ರ ಸ್ಪಂದಿಸುವ ಕೃತಿಯನ್ನು ವಿಡಿಯೊದಲ್ಲಿ ಅಳೆಯುವುದು ಹೇಗೆ? ಅಂದಹಾಗೆ, ಪ್ರೋಗ್ರಾಮರ್‌ನ ಹೆಸರೂ ಪ್ರಶಸ್ತಿಪತ್ರದಲ್ಲಿರಲಿ.

ಎಐ ಚಿತ್ರಗಳನ್ನೂ ಇದೇ ವಿಭಾಗಕ್ಕೆ ಸೇರಿಸಬಹುದೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಖಂಡಿತ ಸೇರಿಸಬಹುದು, ಎಐ ಚಿತ್ರವೆಂದು ಹೇಳಿಕೊಂಡೇ ಬಂದರೆ. ಅದನ್ನು ಛಾಯಾಚಿತ್ರಗಳ ಸಾಲಿನಲ್ಲಿ ನಿಲ್ಲಿಸುವುದಕ್ಕೆ ಮಾತ್ರ ನನ್ನ ವಿರೋಧವಿದೆ. 2023ರಲ್ಲಿ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ವಿಭಾಗವೊಂದನ್ನು ಎಐ ಚಿತ್ರದಿಂದ ಗೆದ್ದ ಬೋರಿಸ್ ಎಲ್ಡಾಗ್ಸೆನ್ ಕೂಡ ಇವೆರಡೂ ಒಂದೇ ಕಣದಲ್ಲಿ ಸ್ಪರ್ಧಿಸಬಾರದೆಂದೇ ಹೇಳಿ ಪ್ರಶಸ್ತಿಯನ್ನು ನಿರಾಕರಿಸಿದರು.

– ಸಂಪಾದಕ